ಬೇಲಿಯೇ ಹೊಲ ಮೇಯದಂತೆ: ಆಕರಕೋಶ ಕಸಿಯ ನಂತರದ ಕಾಯಿಲೆಗೆ ತಡೆ ಹೇಗೆ?

ರಕ್ತ ಕ್ಯಾನ್ಸರ್, ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಮುಂತಾದ ರೋಗಗಳಿಗೆ ಅಸ್ಥಿಮಜ್ಜೆ ಅಥವಾ ಆಕರಕೋಶ ಕಸಿ ಇಂದು ಪ್ರಮುಖ ಚಿಕಿತ್ಸೆ. ರೋಗಪೀಡಿತ ಮಜ್ಜೆಯನ್ನು ಔಷಧದಿಂದ ಅಥವಾ ವಿಕಿರಣದಿಂದ ನಾಶಪಡಿಸಿ, ದಾನಿಯ ಆಕರಕೋಶಗಳನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ. ಆದರೆ ಕಸಿ ಯಶಸ್ವಿಯಾದ ಮಾತ್ರಕ್ಕೆ ಅಪಾಯ ಮುಗಿಯಿತೆಂದಲ್ಲ. ರಕ್ಷಣೆಗೆಂದು ಬಂದ ದಾನಿಯ ಕೋಶಗಳೇ ರೋಗಿಯ ದೇಹವನ್ನು ಪರಕೀಯವೆಂದು ಭಾವಿಸಿ ಆಕ್ರಮಿಸುವ ಸಾಧ್ಯತೆ ಇದೆ. ಬೇಲಿಯೇ ಎದ್ದು ಹೊಲ ಮೇಯ್ದಂತಹ ಈ ಸ್ಥಿತಿಗೆ 'ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್', ಸಂಕ್ಷಿಪ್ತವಾಗಿ ಜಿವಿಎಚ್‌ಡಿ ಎಂದು ಹೆಸರು.

ಕಾಯಿಲೆಯ ಮೂಲ

ಈ ಕಾಯಿಲೆ ಉಂಟಾಗಲು ಮೂರು ಅಂಶಗಳು ಕೂಡಿಬರಬೇಕೆಂದು ವಿಜ್ಞಾನಿ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ 1966ರಲ್ಲಿ ವಿವರಿಸಿದರು. ಕಸಿಯಲ್ಲಿ ರೋಗನಿರೋಧಕ ಸಾಮರ್ಥ್ಯವುಳ್ಳ ಕೋಶಗಳಿರಬೇಕು. ದಾನಿಯಲ್ಲಿ ಇಲ್ಲದ ಗುರುತುಗಳು ರೋಗಿಯ ಅಂಗಾಂಶದಲ್ಲಿರಬೇಕು. ಬಂದ ಕೋಶಗಳನ್ನು ಹೊರದೂಡುವ ಶಕ್ತಿ ರೋಗಿಗೆ ಇರಬಾರದು. ದಾಳಿ ನಡೆಸುವುದು ಮುಖ್ಯವಾಗಿ ದಾನಿಯ 'ಟಿ' ಕೋಶಗಳು.

ತೀವ್ರ ಸ್ವರೂಪದ ಕಾಯಿಲೆಯಲ್ಲಿ ಚರ್ಮ, ಕರುಳು ಹಾಗೂ ಯಕೃತ್ತು ಹಾನಿಗೊಳ್ಳುತ್ತವೆ. ದೀರ್ಘಕಾಲಿಕ ಸ್ವರೂಪದಲ್ಲಿ ಬಾಯಿ, ಕಣ್ಣು, ಚರ್ಮ, ಶ್ವಾಸಕೋಶಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಧೆಗೆ ಒಳಗಾಗುತ್ತವೆ.

ದಾನಿಯ ಆಯ್ಕೆಯೇ ಮೊದಲ ತಡೆ

ಅಂಗಾಂಶಗಳ ಗುರುತನ್ನು ನಿರ್ಧರಿಸುವ ಎಚ್‌ಎಲ್‌ಎ ವಂಶವಾಹಿಗಳು 6ನೇ ವರ್ಣತಂತುವಿನಲ್ಲಿವೆ. ಒಡಹುಟ್ಟಿದವರೊಬ್ಬರ ಎಚ್‌ಎಲ್‌ಎ ಪೂರ್ಣವಾಗಿ ಹೊಂದುವ ಸಾಧ್ಯತೆ ಶೇ 25 ಮಾತ್ರ. ಹೊಂದಾಣಿಕೆ ಹೆಚ್ಚಿದಷ್ಟೂ ಅಪಾಯ ಕಡಿಮೆ. ಹಲವು ಬಾರಿ ಗರ್ಭ ಧರಿಸಿದ ಮಹಿಳೆ ಪುರುಷ ರೋಗಿಗೆ ದಾನಿಯಾದರೆ ಅಪಾಯ ಹೆಚ್ಚು. ಕುಟುಂಬದಲ್ಲಿ ದಾನಿ ಸಿಗದವರಿಗೆ ನೋಂದಣಿ ಸಂಸ್ಥೆಗಳು ಆಸರೆ. ಭಾರತದಲ್ಲಿ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಈ ಕಾರ್ಯದಲ್ಲಿ ನಿರತವಾಗಿವೆ.

ಕೋಶಗಳ ಮೂಲವೂ ಗಣನೀಯ. ಸಂಬಂಧಿಕರಲ್ಲದ ದಾನಿಗಳ ಕಸಿ ಕುರಿತು ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಿಂದ ಕೋಶ ಪಡೆದವರಲ್ಲಿ ಶೇ 53ರಷ್ಟು ಮಂದಿಗೆ ಎರಡು ವರ್ಷಗಳೊಳಗೆ ದೀರ್ಘಕಾಲಿಕ ಜಿವಿಎಚ್‌ಡಿ ಕಾಣಿಸಿಕೊಂಡಿತು. ಮಜ್ಜೆ ಪಡೆದವರಲ್ಲಿ ಈ ಪ್ರಮಾಣ ಶೇ 41. ಬದುಕುಳಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಔಷಧಗಳ ಕಾವಲು

1980ರ ದಶಕದಲ್ಲಿ ಸಿಯಾಟಲ್‌ನ ವೈದ್ಯರು ಸೈಕ್ಲೋಸ್ಪೊರಿನ್ ಜೊತೆಗೆ ಅಲ್ಪ ಪ್ರಮಾಣದ ಮೆಥೋಟ್ರೆಕ್ಸೇಟ್ ನೀಡುವ ಕ್ರಮವನ್ನು ರೂಪಿಸಿದರು. ಮೆಥೋಟ್ರೆಕ್ಸೇಟನ್ನು ಕಸಿಯ ನಂತರ 1, 3, 6 ಮತ್ತು 11ನೇ ದಿನ ನೀಡಲಾಗುತ್ತದೆ. ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೋಲಿಮಸ್ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಈ ಜೋಡಿ ದಶಕಗಳ ಕಾಲ ಪ್ರಮಾಣಿತ ಕ್ರಮವಾಗಿ ಉಳಿಯಿತು. ಕೆಲವರಿಗೆ ಕಸಿಗೆ ಮುನ್ನ ಎಟಿಜಿ ಎಂಬ ಪ್ರತಿಕಾಯ ಔಷಧವನ್ನೂ ಕೊಡುವುದುಂಟು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಬೆಳೆದ ಮತ್ತೊಂದು ಕ್ರಮ ಚಿತ್ರಣವನ್ನೇ ಬದಲಿಸಿತು. ಕಸಿಯ ನಂತರ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ನೀಡುವುದು ಇದರ ತಿರುಳು. ರೋಗಿಯ ಅಂಗಾಂಶದ ವಿರುದ್ಧ ಕೆರಳಿ ವೃದ್ಧಿಸುತ್ತಿರುವ ಟಿ ಕೋಶಗಳು ಇದರ ಹೊಡೆತಕ್ಕೆ ಸಿಲುಕುತ್ತವೆ. ಆಕರಕೋಶಗಳಲ್ಲಿ ಈ ಔಷಧವನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಹೇರಳವಾಗಿರುವುದರಿಂದ ಅವು ಪಾರಾಗುತ್ತವೆ. ತಂದೆ, ತಾಯಿ ಅಥವಾ ಮಕ್ಕಳಂತಹ ಅರ್ಧ ಹೊಂದಾಣಿಕೆಯ ದಾನಿಗಳಿಂದಲೂ ಕಸಿ ಸಾಧ್ಯವಾಗಲು ಈ ಕ್ರಮ ಬಹುಮಟ್ಟಿಗೆ ಕಾರಣ.

ಹೊಂದಾಣಿಕೆಯುಳ್ಳ ದಾನಿಗಳ ವಿಷಯದಲ್ಲೂ ಇದರ ಪ್ರಯೋಜನ ಸಾಬೀತಾಗಿದೆ. 431 ವಯಸ್ಕ ರೋಗಿಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ತೀವ್ರತರ ಜಿವಿಎಚ್‌ಡಿ ಇಲ್ಲದೆ, ಮೂಲ ರೋಗ ಮರುಕಳಿಸದೆ ಒಂದು ವರ್ಷ ಪೂರೈಸಿದವರ ಪ್ರಮಾಣ ಹೊಸ ಕ್ರಮದಲ್ಲಿ ಶೇ 52.7 ಆಗಿದ್ದರೆ, ಹಳೆಯ ಕ್ರಮದಲ್ಲಿ ಶೇ 34.9 ಆಗಿತ್ತು. ಇದಕ್ಕೂ ಮುನ್ನ, 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅಬಾಟಸೆಪ್ಟ್ ಔಷಧವನ್ನು ಸಂಬಂಧಿಕರಲ್ಲದ ದಾನಿಗಳ ಕಸಿಯಲ್ಲಿ ತೀವ್ರ ಜಿವಿಎಚ್‌ಡಿ ತಡೆಗೆ ಅನುಮೋದಿಸಿತು.

ಸಮತೋಲನದ ಸವಾಲು

ಟಿ ಕೋಶಗಳನ್ನೆಲ್ಲ ತೆಗೆದುಹಾಕಿದರೆ ಸಮಸ್ಯೆ ತೀರಲಾರದೇ ಎಂಬ ಪ್ರಶ್ನೆ ಸಹಜ. ಆದರೆ ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನು ಬೇಟೆಯಾಡುವವೂ ಅವೇ. ಅವನ್ನು ತೆಗೆದಾಗ ರಕ್ತ ಕ್ಯಾನ್ಸರ್ ಮರುಕಳಿಸುವುದು ಹೆಚ್ಚುತ್ತದೆ ಎಂಬುದನ್ನು 1990ರ ಒಂದು ವಿಶ್ಲೇಷಣೆ ಎತ್ತಿ ತೋರಿಸಿತು. ನಿರೋಧಕ ಶಕ್ತಿಯನ್ನು ಅತಿಯಾಗಿ ಕುಗ್ಗಿಸಿದರೆ ಸೋಂಕುಗಳೂ ಮುತ್ತುತ್ತವೆ. ಥಲಸ್ಸೇಮಿಯಾದಲ್ಲಿ ಕ್ಯಾನ್ಸರ್ ಕೋಶಗಳೇ ಇಲ್ಲವಾದ್ದರಿಂದ ಜಿವಿಎಚ್‌ಡಿಯಿಂದ ರೋಗಿಗೆ ಯಾವ ಲಾಭವೂ ಇಲ್ಲ. ಅಲ್ಲಿ ತಡೆ ಇನ್ನಷ್ಟು ಬಿಗಿಯಾಗಿರಬೇಕಾಗುತ್ತದೆ.

ಮನೆಗೆ ಮರಳಿದ ಮೇಲೆ

ತಡೆಯ ಹೊಣೆಯಲ್ಲಿ ರೋಗಿ ಹಾಗೂ ಕುಟುಂಬದ ಪಾಲೂ ಇದೆ. ಮಾತ್ರೆಗಳನ್ನು ನಿಗದಿತ ವೇಳೆಗೆ ಸೇವಿಸಬೇಕು. ಆರೋಗ್ಯ ಸುಧಾರಿಸಿತೆಂದು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ. ರಕ್ತದಲ್ಲಿ ಔಷಧದ ಮಟ್ಟವನ್ನು ಆಗಾಗ ಪರೀಕ್ಷಿಸಬೇಕು. ಚಕ್ಕೋತ ಹಣ್ಣಿನ ರಸವು ಸೈಕ್ಲೋಸ್ಪೊರಿನ್ ಮಟ್ಟವನ್ನು ಏರಿಸಬಲ್ಲದು. ಗಿಡಮೂಲಿಕೆಗಳನ್ನೂ ವೈದ್ಯರನ್ನು ಕೇಳದೆ ಬಳಸಬಾರದು. ಬಿಸಿಲು ಚರ್ಮದ ಕಾಯಿಲೆಯನ್ನು ಪ್ರಚೋದಿಸುವುದರಿಂದ ತುಂಬುತೋಳಿನ ಉಡುಪು, ಕೊಡೆ ಅಗತ್ಯ. ರಕ್ತ ನೀಡಬೇಕಾಗಿ ಬಂದಲ್ಲಿ ವಿಕಿರಣಕ್ಕೆ ಒಳಪಡಿಸಿದ ರಕ್ತವನ್ನೇ ಬಳಸಬೇಕಾದ ಕಾರಣ, ಕಸಿಯ ವಿವರವನ್ನು ಊರಿನ ವೈದ್ಯರಿಗೂ ತಿಳಿಸಿರಬೇಕು.

ಅಂಗೈ ಅಥವಾ ಅಂಗಾಲಿನಲ್ಲಿ ಕೆಂಪು ಗಂಧೆ, ನಿಲ್ಲದ ಭೇದಿ, ಕಣ್ಣು ಹಳದಿಯಾಗುವುದು, ಬಾಯಿ ಉರಿ, ಏದುಸಿರು - ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಕಸಿ ಕೇಂದ್ರವನ್ನು ಸಂಪರ್ಕಿಸುವುದು ಅವಶ್ಯ. ಆರಂಭದಲ್ಲೇ ಪತ್ತೆಯಾದ ಕಾಯಿಲೆಯನ್ನು ಹತೋಟಿಗೆ ತರುವ ಅವಕಾಶ ಹೆಚ್ಚು. ತಡವಾದಷ್ಟೂ ಅಂಗಾಂಗಗಳಿಗಾಗುವ ಹಾನಿ ಶಾಶ್ವತವಾಗುವ ಸಂಭವವಿದೆ.