ನಾಯಿಕಾಳಗದ ಹೆಸರು ಆಕಾಶಕ್ಕೇರಿದ್ದು

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ನಾಯಿಗಳನ್ನು ಕಣಕ್ಕಿಳಿಸಿ ಕಾದಾಡಿಸುವುದು, ಸುತ್ತ ನಿಂತು ಬಾಜಿ ಕಟ್ಟುವುದು ಜನಪ್ರಿಯ ಮನರಂಜನೆಯಾಗಿತ್ತು. 1835ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದನ್ನು ಕ್ರೌರ್ಯವೆಂದು ಪರಿಗಣಿಸಿ ಕಾನೂನಿನ ಮೂಲಕ ನಿಷೇಧಿಸಿತು. ನಮ್ಮಲ್ಲೂ 1960ರ ಕಾಯ್ದೆಯ ಪ್ರಕಾರ ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಡಿಸುವುದು ಅಪರಾಧ.

ಆಟ ನಿಷಿದ್ಧವಾದರೂ ಅದರ ಹೆಸರು ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಯುದ್ಧವಿಮಾನಗಳು ಒಂದರ ಬೆನ್ನಿಗೊಂದು ಬಿದ್ದು, ಗಿರಕಿ ಹೊಡೆಯುತ್ತಾ ಗುಂಡು ಹಾರಿಸತೊಡಗಿದಾಗ ಆ ಕಾಳಗವನ್ನೂ 'ಡಾಗ್‌ಫೈಟ್' ಎಂದರು. ಕಲ್ಕತ್ತದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿ, 1918ರ ಜುಲೈನಲ್ಲಿ ಎರಡು ವಾರಗಳೊಳಗೆ ಹತ್ತು ವೈಮಾನಿಕ ಜಯಗಳನ್ನು ಗಳಿಸಿದರು. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಜರ್ಮನ್ ವಿಮಾನಗಳೊಡನೆ ಕಾದಾಡುತ್ತಾ ಮಡಿದರು. ಆಗ ಅವರಿಗೆ ಕೇವಲ 19 ವರ್ಷ.

2019ರ ಫೆಬ್ರವರಿ 27ರಂದು ಭಾರತ ಮತ್ತು ಪಾಕಿಸ್ತಾನದ ವಿಮಾನಗಳು ಕಾಶ್ಮೀರದ ಮೇಲೆ ಕಾದಾಡಿದಾಗ, ಎರಡೂ ದೇಶಗಳ ಟಿ.ವಿ. ವಾಹಿನಿಗಳಲ್ಲಿ ಬಿದ್ದ ವಿಮಾನಗಳ ಲೆಕ್ಕದ್ದೇ ಭರಾಟೆ. ನಾಯಿಕಾಳಗದ ಸುತ್ತ ನಿಂತು ಕೇಕೆ ಹಾಕಿದವರನ್ನು ನಾವು ಅನಾಗರಿಕರೆನ್ನುತ್ತೇವೆ. ಹಾಗಿರುವಾಗ, ಯುದ್ಧ ಅನಿವಾರ್ಯವೆನಿಸಿದ ಗಳಿಗೆಯಲ್ಲೂ ಅದನ್ನು ಆಟದಂತೆ ನೋಡುವುದು ನಮಗೆ ತರವಲ್ಲ. ವಿಮಾನದೊಳಗೆ ಕುಳಿತಿರುವುದು ಯಾವುದೋ ತಾಯಿಯ ಮಗು.