ಮೋಸದಾಟವೂ ಶಾಸನದ ಮೌನವೂ

ಗೋದಾವರಿಯ ತೀರದ ನಾಸಿಕ ನಗರದಲ್ಲಿ, 1909ರಲ್ಲಿ ಕಲೆಕ್ಟರ್ ಜಾಕ್ಸನನನ್ನು ಗುಂಡಿಕ್ಕಿ ಕೊಂದು ಗಲ್ಲಿಗೇರಿದ ತರುಣ ಅನಂತ ಕಾನ್ಹೇರೆಯ ನಾಮಧೇಯವನ್ನು ಹೊತ್ತ ಮೈದಾನವೊಂದುಂಟು; ಮಹಾರಾಷ್ಟ್ರದ ರಣಜಿ ತಂಡವು ಆಗಾಗ ಅಲ್ಲಿ ಪಂದ್ಯವಾಡುತ್ತದೆ. ಅಲ್ಲಿಂದ ಪೂರ್ವಕ್ಕೆ, ಈಚಿನವರೆಗೆ ಔರಂಗಾಬಾದೆನಿಸಿದ್ದು 2023ರಿಂದ ಛತ್ರಪತಿ ಸಂಭಾಜಿನಗರವೆನಿಸಿರುವ ಮರಾಠವಾಡೆಯ ಮುಖ್ಯ ಪಟ್ಟಣವಿದೆ. ನಾಸಿಕವು ಸತ್ಯಜಿತ್ ಬಚ್ಛಾವನಂಥ ಎಡಗೈ ಸ್ಪಿನ್ ಬೌಲರನನ್ನೂ, ಸಂಭಾಜಿನಗರವು ಅಂಕಿತ್ ಬಾವಣೆಯಂಥ ಬ್ಯಾಟ್ಸ್‌ಮನ್ನನನ್ನೂ ಕೊಟ್ಟಿವೆ. ಇಬ್ಬರೂ ವರ್ಷಾನುವರ್ಷ ರಾಜ್ಯಕ್ಕಾಗಿ ದುಡಿದವರೇ ಹೊರತು ಭಾರತದ ಟೆಸ್ಟ್ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಭಾರತದ ಕ್ರಿಕೆಟ್ಟು ನಿಂತಿರುವುದು ಇಂಥ ಊರುಗಳ ಇಂಥ ಆಟಗಾರರ ಹೆಗಲ ಮೇಲೆ. ಮ್ಯಾಚ್ ಫಿಕ್ಸಿಂಗ್ ಎಂಬ ವ್ಯಾಧಿಯು ಅತ್ಯುನ್ನತ ಪಂದ್ಯಗಳಲ್ಲಿ ಕಾಣಿಸಿಕೊಂಡು, ಕಾಲಕ್ರಮದಲ್ಲಿ ರಾಜ್ಯ ತಂಡಗಳ ಈ ಎರಡನೆಯ ಮಟ್ಟಕ್ಕೆ ಇಳಿದುಬಂದ ಬಗೆಯನ್ನೂ, ನಮ್ಮ ಶಾಸನವು ಅದನ್ನು ಇಷ್ಟು ಕಾಲ ನೋಡುತ್ತಲೇ ನಿಂತ ಬಗೆಯನ್ನೂ ಸಮೀಕ್ಷಿಸುವುದು ಈ ಲೇಖನದ ಉದ್ದೇಶ.

ಪಣವೊಡ್ಡುವುದು ಕ್ರಿಕೆಟ್ಟಿಗೆ ನವೀನವಾದುದಲ್ಲ. ಪಣ ಸ್ವೀಕರಿಸುವ ಬುಕ್ಕಿಗಳು ಲಂಡನಿನ ಲಾರ್ಡ್ಸ್ ಮೈದಾನದಲ್ಲಿ ರಾಜಾರೋಷವಾಗಿ ಕುಳಿತು ವ್ಯವಹರಿಸುತ್ತಿದ್ದ ಕಾಲದಲ್ಲಿ, ಅಂದಿನ ಶ್ರೇಷ್ಠ ದಾಂಡಿಗರಲ್ಲೊಬ್ಬನಾದ ವಿಲಿಯಂ ಲ್ಯಾಂಬರ್ಟನು ಪಂದ್ಯವನ್ನು ಬೇಕೆಂದೇ ಬಿಟ್ಟುಕೊಟ್ಟನೆಂಬ ಆರೋಪದಿಂದ 1817ರಲ್ಲಿ ಅಲ್ಲಿಂದ ಬಹಿಷ್ಕೃತನಾದನು. ನಮ್ಮಲ್ಲಿ ಮುಂಬಯಿಯ ಜೂಜುಗಾರರು ಮೊದಲು ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಹಾಗೂ ಮುಕ್ತಾಯದ ದರಗಳ ಮೇಲೆ ಪಣ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಅದೇ ಮಟ್ಕಾ ಆಗಿ ರೂಪಾಂತರ ಹೊಂದಿ, ಕನ್ನಡನಾಡಿನ ಸಂತೆ ಬೀದಿಗಳಿಗೂ ಓಸಿ ಎಂಬ ಹೆಸರಿನಿಂದ ಬಂದು ಸೇರಿತು. ಉಪಗ್ರಹ ದೂರದರ್ಶನವೂ ಮೊಬೈಲ್ ಫೋನೂ ಬಂದ ಮೇಲೆ, ಹಣವನ್ನು ಬಾಯಿಮಾತಿನ ನಂಬಿಕೆಯ ಮೇಲೆ ಊರಿಂದೂರಿಗೆ ಸಾಗಿಸುವ ಇಂಥ ಗುಪ್ತ ವ್ಯವಹಾರಕ್ಕೆ ಕ್ರಿಕೆಟ್ಟಿಗಿಂತ ಅನುಕೂಲವಾದ ವಸ್ತು ಬೇರೊಂದಿರಲಿಲ್ಲ. ಗೆಲುವು ಸೋಲುಗಳ ಮೇಲಿನ ಪಣ ಹಳೆಯದು. ಆರು ಅಥವಾ ಹತ್ತು ಓವರುಗಳಲ್ಲಿ ಎಷ್ಟು ರನ್ನುಗಳು ಬಂದಾವೆಂಬುದರ ಮೇಲೆ ಕಟ್ಟುವ ಸೆಷನ್ ಬೆಟ್ಟಿಂಗು ಬಂದುದೇ ನಿಜವಾದ ಅನರ್ಥಕ್ಕೆ ಕಾರಣ. ಏಕೆಂದರೆ ಅದಕ್ಕೆ ಹನ್ನೊಂದು ಮಂದಿಯನ್ನು ಕೊಳ್ಳಬೇಕಾಗಿಲ್ಲ, ಒಬ್ಬ ಬೌಲರನ ಒಂದು ಓವರು ಸಾಕು.

1997ರಲ್ಲಿ, ಆಟಗಾರ ಮನೋಜ್ ಪ್ರಭಾಕರರ ಫಿಕ್ಸಿಂಗ್ ಆರೋಪಗಳ ತರುವಾಯ, ಭಾರತದ ಕ್ರಿಕೆಟ್ ಮಂಡಳಿಯು ನಿವೃತ್ತ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರಿಂದ ವಿಚಾರಣೆ ನಡೆಸಿತು. ಪುರಾವೆಯಿಲ್ಲವೆಂಬ ನಿರ್ಣಯದಿಂದ ಎಲ್ಲರೂ ಸಮಾಧಾನಪಟ್ಟುಕೊಂಡರು. ಆ ಸಮಾಧಾನವು 2000ದ ಏಪ್ರಿಲ್ 7ರಂದು, ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆಯು ಬುಕ್ಕಿಯೊಡನೆ ನಡೆಸಿದ ದೂರವಾಣಿ ಸಂಭಾಷಣೆಗಳನ್ನು ದಿಲ್ಲಿ ಪೊಲೀಸರು ಬಹಿರಂಗಪಡಿಸಿದಾಗ ಒಡೆದುಹೋಯಿತು. ಆ ವರ್ಷದ ಭಾರತ ಪ್ರವಾಸದಲ್ಲಿ ಬೆಂಗಳೂರಿನ ಟೆಸ್ಟಿಗೆ ಮುನ್ನ ತನ್ನ ಸಹ ಆಟಗಾರರ ಮುಂದೆ ಕ್ರೋನಿಯೆ ಹಣದ ಪ್ರಸ್ತಾಪವನ್ನಿಟ್ಟಿದ್ದನೆಂಬುದೂ, ನಾಗಪುರದ ಏಕದಿನ ಪಂದ್ಯದಲ್ಲಿ ಇಪ್ಪತ್ತು ರನ್ನಿನೊಳಗೆ ಔಟಾಗಲು ಹರ್ಷೆಲ್ ಗಿಬ್ಸನಿಗೆ 15,000 ಡಾಲರು ಗೊತ್ತುಮಾಡಿದ್ದನೆಂಬುದೂ ದಕ್ಷಿಣ ಆಫ್ರಿಕದ ಕಿಂಗ್ ವಿಚಾರಣಾ ಆಯೋಗದ ಮುಂದೆ ಹೊರಬಂದವು. ಒಪ್ಪಿಕೊಂಡಿದ್ದ ಗಿಬ್ಸನು ಆ ದಿನ 53 ಎಸೆತಗಳಲ್ಲಿ 74 ರನ್ ಹೊಡೆದನು. ಕ್ರೋನಿಯೆ ಆಜೀವ ನಿಷೇಧಕ್ಕೊಳಗಾದನು. ಇತ್ತ ಸಿಬಿಐ ವರದಿಯ ಆಧಾರದ ಮೇಲೆ ಮಂಡಳಿಯು ಭಾರತದ ಮಾಜಿ ನಾಯಕ ಅಜರುದ್ದೀನ್ ಮತ್ತು ಆಟಗಾರ ಅಜಯ್ ಶರ್ಮ ಅವರಿಗೆ ಆಜೀವ ನಿಷೇಧವನ್ನು ವಿಧಿಸಿತು. ಅಜರುದ್ದೀನರ ಮೇಲಿನ ನಿಷೇಧವನ್ನು ಆಂಧ್ರಪ್ರದೇಶ ಉಚ್ಚ ನ್ಯಾಯಾಲಯವು 2012ರಲ್ಲಿ ಅಸಿಂಧುಗೊಳಿಸಿತು. ಕ್ರೋನಿಯೆ ಪ್ರಕರಣದಲ್ಲಿ ಪೊಲೀಸರು ದೋಷಾರೋಪ ಪಟ್ಟಿಯನ್ನು ಸಲ್ಲಿಸಿದ್ದು 2013ರಲ್ಲಿ. ಬುಕ್ಕಿಯೆಂದು ಆಪಾದಿತನಾದವನನ್ನು ಲಂಡನಿನಿಂದ ಕರೆತಂದದ್ದು 2020ರಲ್ಲಿ. ಇಷ್ಟು ವಿಳಂಬಿಸಿದ ನ್ಯಾಯದಿಂದ ಯಾರು ತಾನೆ ಭಯಪಟ್ಟಾರು?

2013ರ ಮೇ 16ರ ಮುಂಜಾನೆ ಮುಂಬಯಿಯಲ್ಲಿ ಶ್ರೀಶಾಂತ್, ಅಜಿತ್ ಚಾಂಡಿಲಾ, ಅಂಕಿತ್ ಚವಾಣ್ ಎಂಬ, ಐಪಿಎಲ್‌ನ ರಾಜಸ್ಥಾನ ರಾಯಲ್ಸ್ ತಂಡದ ಮೂವರು ಆಟಗಾರರು ಬಂಧಿತರಾದರು. ಆ ತಂಡದ ನಾಯಕರು ನಮ್ಮ ರಾಹುಲ್ ದ್ರಾವಿಡ್. ಕನ್ನಡಿಗರಿಗೆ ಆ ಸುದ್ದಿಯು ಇಮ್ಮಡಿ ನೋವನ್ನು ತಂದಿತು. ಸೊಂಟಕ್ಕೆ ಟವೆಲು ಸಿಕ್ಕಿಸುವುದೇ ಮೊದಲಾದ ಸಂಜ್ಞೆಯಿಂದ ಬುಕ್ಕಿಗಳಿಗೆ ಸೂಚನೆ ಕೊಟ್ಟು, ಗೊತ್ತಾದ ಓವರಿನಲ್ಲಿ ಗೊತ್ತಾದಷ್ಟು ರನ್ ಬಿಟ್ಟುಕೊಡುವುದೇ ಆರೋಪಿತ ಒಪ್ಪಂದವಾಗಿತ್ತು. ಕೆಲವೇ ದಿನಗಳಲ್ಲಿ ತನಿಖೆಯು ಔರಂಗಾಬಾದನ್ನು ಮುಟ್ಟಿತು. ಅಲ್ಲಿ ಮೂವರನ್ನು ಪೊಲೀಸರು ಬಂಧಿಸಿದರು, ಅವರಲ್ಲೊಬ್ಬರು ಹಿಂದೆ ವಿದರ್ಭದ ಪರ ರಣಜಿ ಆಡಿದ್ದವರು. ನನ್ನ ದೃಷ್ಟಿಯಲ್ಲಿ ಈ ಸಮಗ್ರ ಚರಿತ್ರೆಯಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿಯಿದು. ಬುಕ್ಕಿಗೂ ಆಟಗಾರನಿಗೂ ನಡುವೆ ಸೇತುವೆಯಾಗಬಲ್ಲವನು ಅಪರಿಚಿತ ಪಾತಕಿಯಲ್ಲ, ಒಂದೇ ಡ್ರೆಸಿಂಗ್ ರೂಮಿನಲ್ಲಿ ಕುಳಿತು ಎದ್ದ ಹಳೆಯ ಒಡನಾಡಿ ಎಂಬ ಶಂಕೆ ಅಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಎದ್ದು ನಿಂತಿತು. ಆ ಮೊಕದ್ದಮೆಗೆ ಬಳಸಿದ ಶಾಸನವೂ ಮಹಾರಾಷ್ಟ್ರದ್ದೇ: ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದು 1999ರಲ್ಲಿ ರಚಿತವಾದ ಮೋಕಾ ಕಾಯಿದೆ. ಅದರ ಭಾರವನ್ನು ಸಾಕ್ಷ್ಯವು ತಾಳಲಿಲ್ಲ. 2015ರ ಜುಲೈಯಲ್ಲಿ ದಿಲ್ಲಿಯ ನ್ಯಾಯಾಲಯವು ಆಟಗಾರರೂ ಸೇರಿದಂತೆ ಎಲ್ಲ ಆರೋಪಿಗಳನ್ನು ಬಿಡುಗಡೆ ಮಾಡಿತು. ಅದೇ ತಿಂಗಳು ಸುಪ್ರೀಂ ಕೋರ್ಟು ನೇಮಿಸಿದ್ದ ಲೋಧಾ ಸಮಿತಿಯು ಬೆಟ್ಟಿಂಗ್ ಪ್ರಕರಣದಲ್ಲಿ ಐಪಿಎಲ್‌ನ ಚೆನ್ನೈ ಹಾಗೂ ರಾಜಸ್ಥಾನ ತಂಡಗಳನ್ನು ಎರಡು ವರ್ಷ ಅಮಾನತಿನಲ್ಲಿಟ್ಟಿತು. ಹೀಗೆ ಮಂಡಳಿಯ ನಿಯಮದ ಕಣ್ಣಿಗೆ ದೋಷವಾದುದು ದೇಶದ ಶಾಸನದ ಕಣ್ಣಿಗೆ ಬೀಳದೆ ಹೋಯಿತು.

ಇಂಗ್ಲೆಂಡಿನ ಕಥೆ ಹಾಗಲ್ಲ. 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಬೇಕೆಂದೇ ನೋಬಾಲ್ ಎಸೆದ ಪ್ರಕರಣದಲ್ಲಿ ಪಾಕಿಸ್ತಾನದ ಸಲ್ಮಾನ್ ಬಟ್, ಆಸಿಫ್, ಆಮಿರ್ ಈ ಮೂವರೂ ಮರು ವರ್ಷವೇ ಸೆರೆಮನೆ ಸೇರಿದರು. ಜೂಜಿನಲ್ಲಿ ವಂಚಿಸುವುದನ್ನು ಅಪರಾಧವೆಂದು ಅಲ್ಲಿನ 2005ರ ಕಾಯಿದೆಯು ಮೊದಲೇ ಘೋಷಿಸಿತ್ತು.

ನಮ್ಮ ಮನೆಯೊಳಗಿನ ನೋವಿಗೆ ಬರೋಣ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗು ಹುಬ್ಬಳ್ಳಿ, ಬಳ್ಳಾರಿ, ಬೆಳಗಾವಿಗಳ ಹುಡುಗರಿಗೆ ಟೀವಿಯ ಮುಂದೆ ಆಡುವ ಭಾಗ್ಯವನ್ನು ಕೊಟ್ಟಿತು. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಹುಬ್ಬಳ್ಳಿ ತಂಡವು ಬಳ್ಳಾರಿಯನ್ನು ಎಂಟು ರನ್ನುಗಳಿಂದ ಸೋಲಿಸಿತು. ಸೆಪ್ಟೆಂಬರಿನಲ್ಲಿ ಬೆಳಗಾವಿ ತಂಡದ ಮಾಲೀಕನೂ, ನವೆಂಬರಿನಲ್ಲಿ ಬಳ್ಳಾರಿಯ ನಾಯಕ ಸಿ. ಎಂ. ಗೌತಮ್ ಹಾಗೂ ಅಬ್ರಾರ್ ಕಾಜಿ ಅವರೂ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರಿಂದ ಬಂಧಿತರಾದರು. ಈ ಇಬ್ಬರು ಆಟಗಾರರು ಫೈನಲಿನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಪಡೆದರೆಂಬುದು ಪೊಲೀಸರ ಆರೋಪವಾಗಿತ್ತು. ಇವರು ರಣಜಿ ಆಡಿ ಹೆಸರು ಮಾಡಿದವರು. 2022ರ ಜನವರಿ 10ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಮೊಕದ್ದಮೆಗಳನ್ನು ರದ್ದುಗೊಳಿಸಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆಯನ್ನೂ ಮಾನಸಿಕ ಭ್ರಷ್ಟತೆಯನ್ನೂ ತೋರಬಹುದಾದರೂ, ಪ್ರೇಕ್ಷಕನು ತಾನಾಗಿ ಇಚ್ಛೆಪಟ್ಟು ಟಿಕೆಟು ಕೊಳ್ಳುವುದರಿಂದ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯು ಇಲ್ಲಿ ಸಿದ್ಧವಾಗದೆಂಬುದೂ, ಶಿಸ್ತುಕ್ರಮವು ಮಂಡಳಿಯ ಕೆಲಸವೆಂಬುದೂ ನ್ಯಾಯಾಲಯದ ತರ್ಕ. ಆ ತರ್ಕವನ್ನು ನಾನು ದೂಷಿಸಲಾರೆ. ಇಲ್ಲದ ಕಾನೂನನ್ನು ನ್ಯಾಯಾಧೀಶನು ಸೃಷ್ಟಿಸಲಾಗದು. ಆದರೆ ನೂರಾರು ಮೈಲಿ ಬಸ್ಸಿನಲ್ಲಿ ಬಂದು ಬಿಸಿಲಿನಲ್ಲಿ ಕುಳಿತು ಕೂಗುವ ಅಭಿಮಾನಿಯು ಮೋಸಹೋಗಲಿಲ್ಲವೆಂದು ಯಾವ ಅಂತಃಕರಣವೂ ಒಪ್ಪದು.

ಕರ್ನಾಟಕದ ಆ ಲೀಗು ನಿಂತು, 2022ರಲ್ಲಿ ಮಹಾರಾಜ ಟ್ರೋಫಿ ಅದರ ಸ್ಥಾನಕ್ಕೆ ಬಂತು. ಮರು ವರ್ಷ ಮಹಾರಾಷ್ಟ್ರ ಪ್ರೀಮಿಯರ್ ಲೀಗು ಆರಂಭವಾದಾಗ ಈಗಲ್ ನಾಸಿಕ್ ಟೈಟನ್ಸ್, ಛತ್ರಪತಿ ಸಂಭಾಜಿ ಕಿಂಗ್ಸ್ ಎಂಬ ಹೆಸರುಗಳಲ್ಲಿ ನಾನು ಮೊದಲಲ್ಲಿ ಹೇಳಿದ ಎರಡು ಊರುಗಳೂ ಕಣಕ್ಕಿಳಿದವು. ಆ ತಂಡಗಳ ಮೇಲೆ ಎಳ್ಳಷ್ಟು ಕಳಂಕವನ್ನೂ ನಾನು ಹೊರಿಸುತ್ತಿಲ್ಲ. ಅಲ್ಪ ಸಂಭಾವನೆ, ಅನಿಶ್ಚಿತ ಭವಿಷ್ಯ, ಟೀವಿಯ ನೇರ ಪ್ರಸಾರ ಇವು ಒಂದೆಡೆ ಕೂಡಿದಲ್ಲಿ ಪ್ರಲೋಭನೆಯು ಬಾಗಿಲು ತಟ್ಟದಿರದೆಂಬುದನ್ನು ಬಳ್ಳಾರಿ ಬೆಳಗಾವಿಗಳು ಕಲಿಸಿವೆ. ಆ ಪಾಠವು ಅವರಿಗೂ ಸಲ್ಲಬೇಕೆಂಬುದೇ ನನ್ನ ಕಳಕಳಿ.

ಕೇಂದ್ರವು 2013ರಲ್ಲಿ ಸಿದ್ಧಪಡಿಸಿದ ಕ್ರೀಡಾ ವಂಚನೆ ತಡೆ ಮಸೂದೆಯ ಕರಡು ಕಾಯಿದೆಯಾಗಲಿಲ್ಲ. ಫಿಕ್ಸಿಂಗನ್ನು ಅಪರಾಧವಾಗಿಸಬೇಕೆಂದು ಲೋಧಾ ಸಮಿತಿಯು 2016ರಲ್ಲಿಯೂ, ಕಾನೂನು ಆಯೋಗವು 2018ರಲ್ಲಿಯೂ ಹೇಳಿದವು. 2019ರಲ್ಲಿ ಶ್ರೀಲಂಕೆಯಂಥ ಸಣ್ಣ ದೇಶವು ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಬಲ್ಲ ಕಾಯಿದೆಯನ್ನು ಮಾಡಿತು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಪಣ ಕಟ್ಟುವವನ ಮೇಲೆ ಬಿದ್ದ ದೃಷ್ಟಿಯು ಆಟವನ್ನೇ ಮಾರುವವನ ಮೇಲೆ ಇನ್ನೂ ಬಿದ್ದಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆಯೂ ಜೂಜೂ ರಾಜ್ಯಗಳ ಪಟ್ಟಿಯಲ್ಲೇ ಇರುವುದರಿಂದ, ದಿಲ್ಲಿಯನ್ನು ಕಾಯಬೇಕಾದ ಅಗತ್ಯ ಮಹಾರಾಷ್ಟ್ರಕ್ಕೂ ಇಲ್ಲ, ಕರ್ನಾಟಕಕ್ಕೂ ಇಲ್ಲ. ಆಟಗಾರ, ಮಾಲೀಕ, ತರಬೇತುದಾರ, ಮಧ್ಯವರ್ತಿ ಈ ನಾಲ್ವರನ್ನೂ ಒಳಗೊಳ್ಳುವ ಸ್ಪಷ್ಟವಾದ ಶಾಸನವನ್ನು ಬೆಂಗಳೂರಿನ ಹಾಗೂ ಮುಂಬಯಿಯ ವಿಧಾನಮಂಡಲಗಳು ಇನ್ನು ತಡಮಾಡದೆ ರಚಿಸಬೇಕು. ಓದುಗರು ತಮ್ಮ ತಮ್ಮ ಶಾಸಕರನ್ನು ಇದಕ್ಕಾಗಿ ಒತ್ತಾಯಿಸಬೇಕು.