ರೋಲ್ಸ್-ರಾಯ್ಸ್ ಫ್ಯಾಂಟಮ್ 4

ಬ್ರಿಟನ್ನಿನ ರೋಲ್ಸ್-ರಾಯ್ಸ್ ಸಂಸ್ಥೆ 1950ರಿಂದ 1956ರವರೆಗೆ ತಯಾರಿಸಿದ ಐಷಾರಾಮಿ ಕಾರು. ಒಟ್ಟು 18 ಕಾರುಗಳಷ್ಟೇ ತಯಾರಾದವು. ಮೊದಲನೆಯದು ಆಗಿನ್ನೂ ರಾಜಕುಮಾರಿಯಾಗಿದ್ದ ಎಲಿಜಬೆತ್ ಅವರಿಗೆ ಸಂದಿತು. ರಾಜಮನೆತನದವರು ಮತ್ತು ರಾಷ್ಟ್ರಗಳ ಮುಖ್ಯಸ್ಥರಿಗೆ ಮಾತ್ರ ಇದನ್ನು ಮಾರಲಾಗುತ್ತಿತ್ತು.

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 145 ಅಂಗುಲ, ಅಂದರೆ ಸುಮಾರು 3.68 ಮೀಟರ್. ಸಾಲಾಗಿ ಜೋಡಿಸಿದ ಎಂಟು ಸಿಲಿಂಡರುಗಳ, ಸುಮಾರು 5.7 ಲೀಟರ್ ಸಾಮರ್ಥ್ಯದ ಎಂಜಿನ್ ಇದರದು. ಇದೇ ಬಗೆಯ ಎಂಜಿನ್ ಸೇನಾ ವಾಹನಗಳಲ್ಲೂ ಬಳಕೆಯಲ್ಲಿತ್ತು. ಮೆರವಣಿಗೆಯಲ್ಲಿ ಕಾಲ್ನಡಿಗೆಯ ವೇಗದಲ್ಲಿ ಬಹುದೂರ ಸಾಗಲು ಅದು ಅನುಕೂಲಕರವಾಗಿತ್ತು. ರೋಲ್ಸ್-ರಾಯ್ಸ್ ಚಾಸಿ ಮತ್ತು ಎಂಜಿನ್ ಒದಗಿಸಿದರೆ, ಹೂಪರ್, ಎಚ್. ಜೆ. ಮಲ್ಲಿನರ್ ಮೊದಲಾದ ಸಂಸ್ಥೆಗಳು ಗ್ರಾಹಕರ ಇಚ್ಛೆಯಂತೆ ಮೈಕಟ್ಟು ರೂಪಿಸುತ್ತಿದ್ದವು.

ಈ ಕಾರನ್ನು ಕೊಂಡ ಅರಸರಲ್ಲೊಬ್ಬರು 1950ರಿಂದ 1965ರವರೆಗೆ ಕುವೈತ್ ಆಳಿದ ಶೇಖ್ ಅಬ್ದುಲ್ಲಾ ಅಲ್-ಸಾಲಿಮ್ ಅಲ್-ಸಬಾಹ್. 1946ರಲ್ಲಿ ತೈಲ ರಫ್ತು ಆರಂಭವಾಗಿ ಆ ದೇಶದ ಆದಾಯ ಏರಿತ್ತು. ಇರಾನಿನ ಶಾ, ಇರಾಕಿನ ದೊರೆ 2ನೇ ಫೈಸಲ್, ಆಗಾ ಖಾನ್ ಮತ್ತು ಸ್ಪೇನಿನ ಫ್ರಾಂಕೊ ಇತರ ಗ್ರಾಹಕರು.

ಹೆಚ್ಚಿನ ಕಾರುಗಳು ಈಗಲೂ ಉಳಿದಿವೆ. ಕೆಲವು ಅರಮನೆ ಮತ್ತು ಸರ್ಕಾರಗಳ ವಶದಲ್ಲಿರುವುದರಿಂದ ಸಂಗ್ರಾಹಕರಿಗೆ ಇವು ಮಾರಾಟಕ್ಕೆ ದೊರೆಯುವುದು ಅಪರೂಪ. ಇದರ ಉತ್ತರಾಧಿಕಾರಿ ಫ್ಯಾಂಟಮ್ 5 ಮಾದರಿ 1959ರಲ್ಲಿ ಬಂದಿತು.